ಎರಡು ಸೀಸೆಗಳ ಜೊತೆ ಶಿವಾಜಿನಗರಕ್ಕೆ

ತಿಂಡಿ ಮುಗಿಸಿ ನಾನೂ ಸರೋಜಕ್ಕನೂ ಕೆ.ಆರ್. ಪುರದ ಮನೆಯಿಂದ ಹೊರಟಾಗ ಬಿಸಿಲು ಆಗಲೇ ಚುರುಕಾಗಿತ್ತು. ಅಕ್ಕ ರವಿಕೆ ಹೊಲಿಯುವವಳು. ಸಕ್ಕರೆ ಕಾಯಿಲೆಯಿಂದಾಗಿ ಅವಳ ಬಲಗಾಲಿನ ಹೆಬ್ಬೆರಳಿನ ಗಾಯ ಬೇಸಿಗೆ ಶುರುವಾದಾಗಿನಿಂದ ಮಾಯ್ದಿರಲಿಲ್ಲ. ಡ್ರೆಸ್ಸಿಂಗ್ ಬಿಡಬೇಡಿ, ಆದರೂ ಒಣಗದಿದ್ದರೆ ಬೆರಳು ತೆಗೆಯಬೇಕಾದೀತು ಎಂದು ಡಾಕ್ಟರು ಹೇಳಿದ್ದರು. ಅಂದು ಮನೆಗೆ ಬಂದವಳೇ ಅಕ್ಕ ಹೊಲಿಗೆ ಮಿಷನ್ನಿಗೆ ಹಳೇ ಬೆಡ್‌ಶೀಟ್ ಹೊದಿಸಿಬಿಟ್ಟಿದ್ದಳು.

ನಾನು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಮನೆಯಲ್ಲಿ ಮಾತ್ರೆಯ ಹೆಸರು ಓದಬೇಕಾದರೂ ನನ್ನನ್ನೇ ಕರೆಯುತ್ತಾರೆ, ನನಗೂ ಅದು ಇಷ್ಟ. ಹೀಗಾಗಿ, ಪೆಪ್ಟೈಡ್ ಚುಚ್ಚಿಸಿದರೆ ಗಾಯ ಬೇಗ ಮಾಯುತ್ತದೆ ಎಂದು ಎಲ್ಲರ ಮುಂದೆ ಸಾರಿದವಳೂ ನಾನೇ. ಪ್ರೋಟೀನ್ ಎಂದರೆ ಉದ್ದನೆಯ ಹಾರ, ಪೆಪ್ಟೈಡ್ ಅದರ ಒಂದು ತುಂಡು. ಇಲ್ಲಿ ಹರಿದಿದೆ, ಹೊಲಿಯಿರಿ ಎಂದು ಅದು ಮೈಯೊಳಗೆ ಸುದ್ದಿ ಮುಟ್ಟಿಸುತ್ತದೆ ಎಂದು ವಿವರಿಸಿದ್ದೆ. ಹೊಲಿಗೆಯ ಮಾತು ಬಂದದ್ದರಿಂದ ಅಕ್ಕನಿಗೆ ಅದು ಹಿಡಿಸಿತ್ತು. “ಪ್ರಯೋಗ ಮಾಡಿ ನೋಡಿದಾರೆ ಅಕ್ಕ, ಗುಣ ಆಗಿದೆ” ಎಂದೂ ಹೇಳಿದ್ದೆ. ಯಾರಿಗೆ ಎಂದು ಹೇಳದೆಯೂ ನಮ್ಮ ಭಾಷೆಯಲ್ಲಿ ವಾಕ್ಯ ಪೂರ್ತಿಯಾಗುತ್ತದೆ. ನಾನು ಓದಿದ್ದು ಹೆಚ್ಚಾಗಿ ಇಲಿಗಳ ಮೇಲೆ ನಡೆದ ಪ್ರಯೋಗಗಳನ್ನು. ಮನುಷ್ಯರ ಮೇಲೆ ನಡೆದದ್ದು ಹೇಳಿಕೊಳ್ಳುವಷ್ಟು ನನಗೆ ಸಿಕ್ಕಿರಲಿಲ್ಲ.

ತೂಗುಸೇತುವೆಯ ಕೆಳಗೆ ಎಂದಿನಂತೆ ಗಾಡಿಗಳು ಕಿಕ್ಕಿರಿದಿದ್ದವು. ಮೆಟ್ರೋ ನಿಲ್ದಾಣಕ್ಕೆ, ನಡೆದರೆ ಐದು ನಿಮಿಷದ ದಾರಿಗೆ, ಆಟೋದವನು ಐವತ್ತು ರೂಪಾಯಿ ಕೇಳಿದ, ಅಕ್ಕನ ಕಾಲು ನೋಡಿ ನಲವತ್ತಕ್ಕೆ ಇಳಿದ. ಮೆಟ್ರೋ ತುಂಬಿತ್ತು. ಲ್ಯಾಪ್‌ಟಾಪ್ ಚೀಲದ ಹುಡುಗಿಯೊಬ್ಬಳು ಅಕ್ಕನಿಗೆ ಸೀಟು ಬಿಟ್ಟಳು. ಅವಳ ಪಕ್ಕದ ಯುವಕನೂ ಎದ್ದು ನಿಂತು ನನ್ನ ಕಡೆ ನೋಡಿದ.

“ಆಂಟಿ, ನೀವೂ ಕೂತ್ಕೊಳಿ, ವಯಸ್ಸಾಗಿದೆ.”

“ಬೇಡಪ್ಪಾ, ಇಲ್ಲೇ ಇಳೀತೀವಿ” ಎಂದೆ. ಇಂದಿರಾನಗರ ಇನ್ನೂ ದೂರವಿತ್ತು.

“ಕೂತ್ಕೊಳ್ಳೇ, ಮರ್ಯಾದೆ ಕೊಡ್ತಾವ್ನೆ” ಎಂದು ಅಕ್ಕ ನಕ್ಕಳು. ನಾನು ಇಂದಿರಾನಗರದವರೆಗೂ ನಿಂತೇ ಬಂದೆ. ವಾರದ ಹಿಂದೆಯಷ್ಟೇ ಕೂದಲಿಗೆ ಬಣ್ಣ ಹಚ್ಚಿದ್ದೆ. ಆ ಹುಡುಗನ ಮೇಲೆ ಬಂದ ಸಿಟ್ಟು ಇಳಿಯಲೇ ಇಲ್ಲ.

ಇಂದಿರಾನಗರದಲ್ಲಿ ನಾವು ಹುಡುಕಿದ ಪೆಪ್ಟೈಡ್ ಮಾರುವವರ ವಿಳಾಸ ನೂರಡಿ ರಸ್ತೆಯ ಹಿಂದಿನ ಅಡ್ಡರಸ್ತೆಯ ಹಳೇ ಬಂಗಲೆಯೊಂದರಲ್ಲಿತ್ತು. ಕೆಳಗೆ ಕಾಫಿ ಅಂಗಡಿ, ಮೇಲೆ ಇವರ ಆಫೀಸು. ಮೆಟ್ಟಿಲು ಕಡಿದಾಗಿದ್ದವು. ಅಕ್ಕನನ್ನು ಕಾಫಿ ಅಂಗಡಿಯ ಕುರ್ಚಿಯಲ್ಲಿ ಕೂರಿಸಿ ನಾನೊಬ್ಬಳೇ ಹತ್ತಿದೆ. ಮೇಲೆ ಇದ್ದವನು ಸಣ್ಣ ವಯಸ್ಸಿನ, ನುಣುಪು ಮುಖದ ವ್ಯಾಪಾರಿ. ಬಿಳಿ ಪುಡಿಯ ಪುಟ್ಟ ಸೀಸೆಯೊಂದನ್ನು ಫ್ರಿಜ್‌ನಿಂದ ತೆಗೆದು ಮೇಜಿನ ಮೇಲಿಟ್ಟ. ಅದರ ಮೇಲೆ ಇಂಗ್ಲಿಷಿನಲ್ಲಿ, ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗೆ ಅಲ್ಲ ಎಂದು ಅಚ್ಚಾಗಿತ್ತು.

“ಹೀಗೆ ಬರೆದಿದೆಯಲ್ಲ?” ಎಂದೆ.

“ಅದು ಫಾರ್ಮಾಲಿಟಿ ಮೇಡಂ. ಎಲ್ಲರೂ ತಗೋತಾರೆ. ಚುಚ್ಚಿಸ್ಕೊಳ್ಳೋದು ಮಾತ್ರ ನೀವೇ ನೋಡ್ಕೋಬೇಕು, ಇಲ್ಲಿ ಮಾಡಲ್ಲ.” ಆಮೇಲೆ ನನ್ನ ಮುಖವನ್ನೊಮ್ಮೆ ದಿಟ್ಟಿಸಿದ. “ನಿಮಗೂ ಒಂದಿದೆ ಮೇಡಂ. ಕಾಪರ್ ಪೆಪ್ಟೈಡ್. ಸ್ಕಿನ್ ಟೈಟ್ ಆಗುತ್ತೆ.”

ಆ ಸೀಸೆಯ ಪುಡಿ ಚೆಂದದ ನೀಲಿ. ತಾಮ್ರ ಇದ್ದಲ್ಲಿ ಆ ಬಣ್ಣ ಬರುತ್ತದೆ ಎಂದು ವರ್ಷವರ್ಷವೂ ಪಾಠ ಹೇಳುವವಳು ನಾನು. ಲ್ಯಾಬಿನಲ್ಲಿ ಲೇಬಲ್ ಓದದೆ ಸೀಸೆ ಮುಟ್ಟಿದ ಮಕ್ಕಳನ್ನು ಹೊರಗೆ ನಿಲ್ಲಿಸುವವಳೂ ನಾನೇ. ಎರಡನ್ನೂ ಐಸ್ ಇಟ್ಟ ಥರ್ಮಾಕೋಲ್ ಡಬ್ಬಿಗೆ ಹಾಕಿಸಿಕೊಂಡು, ಮುಚ್ಚಳಕ್ಕೆ ಟೇಪ್ ಸುತ್ತಿಸಿ ಕೆಳಗಿಳಿದೆ.

“ಸಿಕ್ತಾ? ಏನ್ ಬರ್ದವ್ರೆ ಅದ್ರ ಮ್ಯಾಲೆ?” ಎಂದಳು ಅಕ್ಕ.

“ತಣ್ಣಗೆ ಇಡಬೇಕಂತೆ.”

ಅದೂ ಬರೆದಿತ್ತು, ಸುಳ್ಳಲ್ಲ. ಅದರ ಮೇಲಿನ ಸಾಲನ್ನು ಬಿಟ್ಟೆ, ಅಷ್ಟೇ. ಅಕ್ಕ ತಲೆಯಾಡಿಸಿ ಡಬ್ಬಿಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು.

ಶಿವಾಜಿನಗರದ ಬಸ್ಸು ಹತ್ತಿದೆವು. ಹೆಂಗಸರಿಗೆ ಟಿಕೆಟ್ ಉಚಿತ, ಆದರೆ ಕೂರಲು ಜಾಗ ಸಿಕ್ಕಿದ್ದು ಹಲಸೂರಿನಲ್ಲಿ. ಕೆರೆಯ ಬದಿಯಲ್ಲಿ ಬಸ್ಸು ಬಹಳ ಹೊತ್ತು ನಿಂತಿತು. ಐಸ್ ಕರಗೀತೆಂದು ಅಕ್ಕ ಡಬ್ಬಿಗೆ ಸೆರಗು ಮುಚ್ಚಿ ಬಿಸಿಲು ತಡೆಯುತ್ತಿದ್ದಳು. ಅವಳನ್ನು ನೋಡಲಾಗದೆ ನಾನು ಕೆರೆಯ ನೀರು ನೋಡಿದೆ. ನನಗೆ ನಿಜಕ್ಕೂ ನಾಚಿಕೆಯಾಗುತ್ತಿತ್ತು. ಆದರೂ ಬಾಯಿ ಬಿಡಲಿಲ್ಲ.

ಚುಚ್ಚಲು ಒಪ್ಪಿದ್ದವಳು ಶಾಹೀನ್. ಒಂದು ಕಾಲದಲ್ಲಿ ನನ್ನ ವಿದ್ಯಾರ್ಥಿನಿ, ಈಗ ನರ್ಸಿಂಗ್ ಹೋಮಿನಲ್ಲಿ ನರ್ಸು. ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಅವಳ ಮನೆ. ಚಹಾದ ಜೊತೆ ಬಿಸಿ ಸಮೋಸ ಕೊಟ್ಟಳು. ಅಕ್ಕ ಚಹಾಕ್ಕೆ ಸಕ್ಕರೆ ಬೇಡವೆಂದಳು. ಆಮೇಲೆ ಶಾಹೀನ್ ಕೈ ತೊಳೆದು ಡಬ್ಬಿಯ ಟೇಪ್ ಬಿಚ್ಚಿದಳು.

“ಅರೆ, ಎರಡು ಐತಲ್ಲ ಮೇಡಂ! ಬಿಳೀದು ಹಾಕ್ಲಾ, ನೀಲೀದು ಹಾಕ್ಲಾ?”

“ಎರಡೂ ನಂಗೇನಾ?” ಅಕ್ಕ ಗಾಬರಿಯಾದಳು. “ಯಾಕೇ ಪಮ್ಮಿ ಇಷ್ಟೊಂದು ತಂದೆ? ನಿಂಗೇನು ದುಡ್ಡು ಹೆಚ್ಚಾಗೈತಾ?”

ಹೌದು, ಎರಡೂ ನಿನಗೇ ಎನ್ನಬಹುದಿತ್ತು. ಆದರೆ ಶಾಹೀನ್ ಆಗಲೇ ಹತ್ತಿಗೆ ಸ್ಪಿರಿಟ್ ಹಾಕಿಕೊಂಡಿದ್ದಳು.

“ನೀಲೀದು ನಂದು” ಎಂದೆ. “ಮುಖದ ಸುಕ್ಕಿಗೆ.”

ಇಬ್ಬರೂ ನಗಲಿಲ್ಲ. ನಕ್ಕಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಭೂಮಿ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಅರ್ಧ ಹೇಳಿದ ಮೇಲೆ ಉಳಿದದ್ದೂ ತಾನಾಗಿ ಬಂತು. ಮನುಷ್ಯರ ಬಳಕೆಗೆ ಅಲ್ಲ ಎಂಬ ಸಾಲನ್ನು ಬೆರಳಿಟ್ಟು ಓದಿ, ಕನ್ನಡದಲ್ಲಿ ಹೇಳಿದೆ.

ಅಕ್ಕ ಬಿಳಿ ಸೀಸೆಯನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದಳು. “ಗುಣ ಆಗೈತೆ ಅಂದ್ಯಲ್ಲ. ಯಾರ್ಗೆ?”

“ಇಲಿಗಳಿಗೆ ಅಕ್ಕ.”

ಬೈಯುತ್ತಾಳೆ ಎಂದುಕೊಂಡೆ. ಅವಳು ಸೀರೆಯ ನೆರಿಗೆ ಸರಿಪಡಿಸಿಕೊಂಡು ತೋಳನ್ನು ಶಾಹೀನಳ ಕಡೆ ಚಾಚಿದಳು.

“ಹಂಗಾದ್ರೆ ಮೊದ್ಲು ನಂಗೆ ಹಾಕಮ್ಮ. ಆ ನೀಲೀದೂ ಒಂಚೂರು ನಂಗೇ ಹಾಕಿ ನೋಡು. ನಂಗೇನೂ ಆಗ್ದಿದ್ರೆ ಆಮ್ಯಾಕೆ ಇವ್ಳು ಹಾಕಿಸ್ಕೊಳ್ಳಿ. ಇವ್ಳಿಗೆ ಕಾಲೇಜು ಐತೆ, ಏನಾರ ಆದ್ರೆ ಕಷ್ಟ.”

ಮಗುವಿಗೆ ಕೊಡುವ ಮುಂಚೆ ಹಾಲು ಬಿಸಿ ಇದೆಯಾ ಎಂದು ನೋಡುವವರಷ್ಟು ಸಲೀಸಾಗಿ ಹೇಳಿದಳು. ನನಗೆ ಅಳು ಒತ್ತರಿಸಿ ಬಂತು.

“ಹೇಳಿ ಮೇಡಂ, ಹಾಕ್ಲಾ ಬೇಡ್ವಾ?” ಶಾಹೀನ್ ಸಿರಿಂಜು ಹಿಡಿದು ಕಾಯುತ್ತಿದ್ದಳು. “ನೀವು ಹೂಂ ಅಂದ್ರೆ ಹಾಕ್ತೀನಿ.”

“ಬೇಡ ಶಾಹೀನ್, ಬೇಡ. ಎರಡನ್ನೂ ನಿನ್ನ ನರ್ಸಿಂಗ್ ಹೋಮಿನ ಕಸಕ್ಕೆ ಹಾಕು.”

ಅವಳು ಸಿರಿಂಜು ಕೆಳಗಿಟ್ಟು, ಅಕ್ಕನ ಗಾಯ ತೊಳೆದು ಹೊಸ ಪಟ್ಟಿ ಕಟ್ಟಿದಳು. ಬೆರಳು ಬೆಳಿಗ್ಗೆ ಇದ್ದ ಹಾಗೇ ಇತ್ತು.

ಹಲಸೂರು ನಿಲ್ದಾಣದವರೆಗೆ ಆಟೋ, ಅಲ್ಲಿಂದ ಮೆಟ್ರೋ. ಮಧ್ಯಾಹ್ನದ ರೈಲು ಖಾಲಿಯಿತ್ತು, ಇಬ್ಬರೂ ಕೂತೆವು. ನಾಳೆ ಡಾಕ್ಟರ ಹತ್ತಿರ ಹೋಗೋಣ, ಎಲ್ಲ ನಾನೇ ಕೇಳುತ್ತೇನೆ ಎಂದೆ.

“ಹೋಗಾನ ಬಿಡು. ಬೆರಳು ಹೋದ್ರೆ ಮಿಷನ್ನು ಎಡಗಾಲಲ್ಲಿ ತುಳಿಯೋದು ಕಲ್ತ್ಕೋತೀನಿ” ಎಂದಳು.

ರೈಲು ಬೈಯಪ್ಪನಹಳ್ಳಿ ದಾಟುವಾಗ ಅವಳು ನನ್ನ ಗದ್ದ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದಳು. ಕಣ್ಣು ಕಿರಿದು ಮಾಡಿ, ಒಂದು ಕೆನ್ನೆ, ಆಮೇಲೆ ಇನ್ನೊಂದು, ತುಂಬ ಹೊತ್ತು ನೋಡಿದಳು.

“ಎಲ್ಲೈತೇ ಸುಕ್ಕು? ನಂಗೊಂದೂ ಕಾಣ್ತಿಲ್ಲ.”

ಸಮಾಧಾನಕ್ಕೆ ಹೇಳಿದ ಮಾತಲ್ಲ, ಅವಳಿಗೆ ನಿಜಕ್ಕೂ ಕಂಡಿರಲಿಲ್ಲ. ಕೆ.ಆರ್. ಪುರ ಬರುವವರೆಗೂ ನಾನು ಅವಳ ಮುಖ ನೋಡಲಾರದೆ ಕೂತಿದ್ದೆ.