ಡಾಕ್ಟರ ಎರಡನೆಯ ಊಹೆ

ರೋಗಿ ಹೊಸ್ತಿಲು ದಾಟುವಷ್ಟರಲ್ಲಿ ಕಾಯಿಲೆ ಹೇಳಿಬಿಡುತ್ತಾರೆ ಎಂದು ಡಾಕ್ಟರ್ ರಘುನಂದನ್ ಅವರಿಗೆ ಮದ್ದೂರು ತಾಲ್ಲೂಕಿನ ಕೊಪ್ಪದ ಸುತ್ತಮುತ್ತ ಹೆಸರಿತ್ತು. ಆ ಸೀಮೆಯ ಆರೋಗ್ಯ ಕೇಂದ್ರದಲ್ಲೇ ಇಪ್ಪತ್ತೆರಡು ವರ್ಷ ದುಡಿದವರು. ಅವರ ಊಹೆ ತಪ್ಪಿದ್ದು ಕಡಿಮೆ. ಹಾಗಾಗಿ ರೋಗಿಗಳ ವಿವರ ತುಂಬಲು ಕೇಂದ್ರಕ್ಕೆ ಬಂದ ಹೊಸ ಟ್ಯಾಬ್ ಅವರಿಗೆ ಹಿಡಿಸಲಿಲ್ಲ. ಕಾಯಿಲೆಯ ಹೆಸರು ಬರೆದ ಕೂಡಲೇ ಅದು ‘ಬೇರೆ ಏನಿರಬಹುದು? ನಿಮ್ಮ ಊಹೆಗೆ ಹೊಂದದ್ದು ಯಾವುದು?’ ಎಂದು ಕೇಳುತ್ತಿತ್ತು. ಉತ್ತರ ಕೊಡದೆ ಮುಂದಕ್ಕೆ ಬಿಡುತ್ತಿರಲಿಲ್ಲ. ಈ ವಯಸ್ಸಿನಲ್ಲಿ ಮತ್ತೆ ಪರೀಕ್ಷೆಗೆ ಕೂರಿಸಿದರಲ್ಲ ಎಂದು ನರ್ಸ್ ಪುಷ್ಪಾ ಬಳಿ ಗೊಣಗುತ್ತಿದ್ದರು.

ಆ ಮಳೆಗಾಲ ಡೆಂಗಿ ಜೋರಾಗಿತ್ತು. ಒಂದೇ ವಾರದಲ್ಲಿ ಒಂಬತ್ತು ಜನ. ಹತ್ತನೆಯವರಾಗಿ ಬಂದವರು ದೊಡ್ಡತಾಯಮ್ಮ. ಎರಡು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುವಾಕೆ. ಆರು ದಿನದ ಜ್ವರ, ತಲೆನೋವು. ಡಾಕ್ಟರು ತಲೆಯೆತ್ತದೆ ಡೆಂಗಿ ಎಂದು ಬರೆದರು.

ಟ್ಯಾಬ್ ತನ್ನ ಪ್ರಶ್ನೆ ಹಾಕಿತು. ಹೊರಗೆ ಜನ ಸಾಲುಗಟ್ಟಿದ್ದರು. ಏನಾದರೊಂದು ಒತ್ತಿ ಮುಗಿಸೋಣ ಅನ್ನಿಸಿತು. ಆದರೆ ಹೊಂದದ್ದು ಒಂದಿತ್ತು: ಪುಷ್ಪಾ ಆಗಲೇ ಮಾಡಿದ್ದ ಡೆಂಗಿ ಪರೀಕ್ಷೆಯಲ್ಲಿ ಏನೂ ಸಿಕ್ಕಿರಲಿಲ್ಲ. ಅದನ್ನು ನಮೂದಿಸಿದ್ದೇ ತಡ, ಹುಲ್ಲು ಪೊದೆಗಳಲ್ಲಿ ಕೆಲಸವಿದೆಯೇ, ಮೈಮೇಲೆ ಕಪ್ಪು ಹಕ್ಕಳೆ ಇದೆಯೇ ಎಂದು ಇನ್ನೆರಡು ಪ್ರಶ್ನೆ ಬಂದವು.

“ಹುಲ್ಲು ಕೊಯ್ಯೋಕೆ ಹೋಗ್ತೀರೇನಮ್ಮ?”

“ನಾನ್ ಓಗ್ದೆ ಇನ್ಯಾರು ಓದಾರು ಸಾಮಿ? ದಿನಾ ಕಾಲುವೆ ಏರಿ ಮ್ಯಾಲೇ ನನ್ ಕೆಲ್ಸ. ನೀವು ಕೇಳುದ್ರೆ ತಾನೆ ಏಳೋದು.”

ಪುಷ್ಪಾ ಆಕೆಯನ್ನು ಪರದೆಯ ಹಿಂದೆ ಕರೆದೊಯ್ದು ನೋಡಿದಳು. ಸೀರೆ ಬಿಗಿಯುವ ಸೊಂಟದ ಹತ್ತಿರ, ಬೀಡಿ ತಾಗಿ ಸುಟ್ಟಂತೆ ಸಣ್ಣ ಕಪ್ಪು ಹಕ್ಕಳೆ. ನೋವಿಲ್ಲದ್ದರಿಂದ ಆಕೆಗೇ ಗೊತ್ತಿರಲಿಲ್ಲ.

ಡಾಕ್ಟರಿಗೆ ಆಗ ಹೊಳೆಯಿತು. ಹುಲ್ಲಿನ ನುಸಿ ಕಚ್ಚಿ ಬರುವ ಸ್ಕ್ರಬ್ ಟೈಫಸ್. ತಡವಾದರೆ ಶ್ವಾಸಕೋಶಕ್ಕೇ ಇಳಿಯುವಂಥದ್ದು, ಬೇಗ ಹಿಡಿದರೆ ಸಾಧಾರಣ ಮಾತ್ರೆಗೆ ಬಗ್ಗುವಂಥದ್ದು. ಅವರಿಗೆ ತಿಳಿಯದ ಕಾಯಿಲೆಯೇನಲ್ಲ. ಒಂಬತ್ತು ಡೆಂಗಿ ನೋಡಿದ ಕಣ್ಣು ಹತ್ತನೆಯದನ್ನೂ ಡೆಂಗಿ ಎಂದೇ ಕಂಡಿತ್ತು. ಬರೆದದ್ದನ್ನು ಅಳಿಸಿ, ರಕ್ತದ ಮಾದರಿಯನ್ನು ಮಂಡ್ಯಕ್ಕೆ ಕಳಿಸಿ, ಅಂದೇ ಮಾತ್ರೆ ಶುರುಮಾಡಿದರು.

ಮಂಡ್ಯದ ವರದಿಯೂ ಅದನ್ನೇ ಹೇಳಿತು. ಅಷ್ಟರಲ್ಲಿ ಜ್ವರ ಇಳಿದು ದೊಡ್ಡತಾಯಮ್ಮ ನಡೆದುಕೊಂಡೇ ಬಂದಿದ್ದರು.

“ನಿಮ್ ಅಲಗೆ ಬಲೇ ಇಚಾರ್ಸ್ತದೆ ಕಣಮ್ಮ,” ಎಂದು ಟ್ಯಾಬ್ ಕಡೆ ಕೈ ತೋರಿಸಿ ಪುಷ್ಪಾಗೆ ಹೇಳಿದರು. “ಡಾಕ್ಟ್ರುಗೂವೆ ಒಸಿ ಕಲ್ಸಕೊಡ್ಲಿ.”

ಎಲ್ಲರಿಗಿಂತ ಜೋರಾಗಿ ನಕ್ಕವರು ಡಾಕ್ಟರೇ.

ಮುಂದಿನ ತಿಂಗಳು ಮದ್ದೂರಿನಲ್ಲಿ ತಾಲ್ಲೂಕಿನ ಡಾಕ್ಟರುಗಳ ಸಭೆ. ರಘುನಂದನ್ ಎದ್ದು ನಿಂತು ತಾವು ಎಡವಿದ್ದನ್ನು ಒಂದಿಷ್ಟೂ ಮುಚ್ಚಿಡದೆ ಹೇಳಿದರು. ಆಮೇಲೆ ಭಾರತೀನಗರದ ಕಡೆಯ ಕಿರಿಯ ಡಾಕ್ಟರ್ ದೀಪಿಕ, ನಂದೂ ಒಂದಿದೆ ಸರ್ ಎಂದಳು. ಅವಳಾದ ಮೇಲೆ ಇನ್ನೊಬ್ಬರು, ಮತ್ತೊಬ್ಬರು. ಸಭೆ ಮುಗಿಯುವಾಗ ಊಟ ಆರಿಹೋಗಿತ್ತು; ಯಾರೂ ತಕರಾರು ತೆಗೆಯಲಿಲ್ಲ.