ಯಾವ ಬೇಜಾರು?

ಬಸ್ ನಿಲ್ದಾಣದ ಎದುರಿಗೆ ಬೀರುವಿಗಿಂತ ಸ್ವಲ್ಪವೇ ದೊಡ್ಡದಾದ ಅಂಗಡಿಯಲ್ಲಿ ಕೂತು ಬೀಗ ರಿಪೇರಿ ಮಾಡುವವನನ್ನು ಎಲ್ಲರೂ ಬೀಗದಣ್ಣ ಎನ್ನುತ್ತಾರೆ. ಬಾಯಿಗೆ ಮಾತ್ರ ಬೀಗವಿಲ್ಲದ ಮನುಷ್ಯ. ಅವನ ಅಂಗಡಿಗೆ ಬಂದವರು ನಗದೆ ಹೋದದ್ದಿಲ್ಲ. ತುಕ್ಕು ಹಿಡಿದ ಬೀಗ ತಂದು ಗುದ್ದಾಡುವವರಿಗೆ, "ಬಲವಂತ ಮಾಡ್ಬೇಡಿ ಸ್ವಾಮಿ, ಒಳಗೇ ಮುರಿಯುತ್ತೆ" ಎನ್ನುತ್ತಿದ್ದ. ಅಂಗಡಿಯ ಬುದ್ಧಿ ಮನೆಗೂ ಬರಬೇಕೆಂಬ ಕಾನೂನು ಎಲ್ಲೂ ಇಲ್ಲವಲ್ಲ.

ಒಂದು ಸಂಜೆ ಹೆಂಡತಿ ಊಟದ ತಟ್ಟೆ ಮುಂದಿಟ್ಟು, "ರೀ, ನಂಗ್ಯಾಕೋ ತುಂಬಾ ಬೇಜಾರು" ಎಂದಳು.

ಈ ಪದ ಮಹಾ ಮೋಸದ್ದು. ಬಸ್ಸು ತಡವಾದರೂ ಬೇಜಾರು, ಯಾರಾದರೂ ಬೈದರೂ ಬೇಜಾರು, ಬದುಕೇ ಸಾಕಾದರೂ ಬೇಜಾರು. ಬೀಗದಣ್ಣನ ಕಿವಿಗೆ ಬಿದ್ದದ್ದು ಮೊದಲನೆಯದು. ಪಾಪ, ಮನೆಯಲ್ಲಿ ಒಬ್ಬಳೇ, ಹೊತ್ತು ಹೋಗುವುದಿಲ್ಲ ಅಂದುಕೊಂಡ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿ ಅವನು. ವಾರ ಕಳೆಯುವುದರೊಳಗೆ ಅರ್ಧ ಗೋಡೆ ತುಂಬುವಂಥ ಟಿ.ವಿ. ತಂದು ನಿಲ್ಲಿಸಿದ.

"ನೋಡೇ, ಇನ್ಮೇಲೆ ಬೇಜಾರು ನಿನ್ನ ಹತ್ರ ಸುಳಿದ್ರೆ ಕೇಳು!"

ಅವಳು ನಕ್ಕಳು. ಅವನಿಗೆ ಅಷ್ಟೇ ಸಾಕಾಯಿತು.

ಅಂದಿನಿಂದ ಸಂಜೆ ಮೆಟ್ಟಿಲು ಹತ್ತುವಾಗಲೇ ಟಿ.ವಿ. ಸದ್ದು ಕೇಳುತ್ತಿತ್ತು, ಅವನ ಎದೆ ಉಬ್ಬುತ್ತಿತ್ತು. ಹಗಲೆಲ್ಲ ಎಳೆದೇ ಇರುವ ಕಿಟಕಿಯ ಪರದೆ, ಬಾಚದ ತಲೆ, ಉಪ್ಪು ಬಿದ್ದರೆ ಬಿತ್ತು ಎನ್ನುವಂಥ ಅಡುಗೆ, ಇವೆಲ್ಲ ಕಣ್ಣಿಗೆ ಬೀಳುತ್ತಿದ್ದವು, ತಲೆಗೆ ಹೋಗುತ್ತಿರಲಿಲ್ಲ. ಪಕ್ಕದ ಮನೆಯಲ್ಲಿದ್ದ ಅವನ ಅತ್ತಿಗೆ, "ನಮಗೆಲ್ಲ ಬೇಜಾರಾಗೋಕೂ ಪುರುಸೊತ್ತಿಲ್ಲಪ್ಪ" ಎಂದಾಗ ಅದನ್ನೂ ಒಂದು ತಮಾಷೆಯೆಂದು ಮನೆಗೆ ಹೊತ್ತು ತಂದು ಹೇಳಿದ. ಹೆಂಡತಿ ಅದಕ್ಕೂ ನಕ್ಕಳು.

ಒಂದು ಮಧ್ಯಾಹ್ನ, ಬೀಗದಕೈ ಉಜ್ಜುವ ಅರ ಮನೆಯಲ್ಲೇ ಉಳಿದಿದೆ ಎಂದು ವಾಪಸು ಬಂದ. ಮನೆ ನಿಶ್ಶಬ್ದವಾಗಿತ್ತು. ಟಿ.ವಿ.ಯಲ್ಲಿ ಯಾರೋ ಸದ್ದಿಲ್ಲದೆ ಕುಣಿಯುತ್ತಿದ್ದರು. ಹೆಂಡತಿ ಅದಕ್ಕೆ ಬೆನ್ನು ಹಾಕಿ, ಮಂಚದ ಪಕ್ಕ ನೆಲದ ಮೇಲೆ ಕೂತು, ಗೋಡೆಗೆ ಹಣೆ ಕೊಟ್ಟಿದ್ದಳು. ರಿಮೋಟು ಮಡಿಲಲ್ಲಿತ್ತು.

"ಇದೇನೇ ಇದು?"

"ಸದ್ದು ತಡ್ಕೊಳ್ಳೋಕಾಗಲ್ಲ ರೀ. ನೀವು ಬರೋ ಹೊತ್ತಿಗೆ ಜೋರು ಮಾಡ್ತೀನಿ."

"ನಾನು ಬರೋ ಹೊತ್ತಿಗೆ ಯಾಕೆ?"

"ಅಷ್ಟು ಆಸೆಪಟ್ಟು ತಂದಿದ್ದೀರ. ನಿಮಗೆ ಬೇಜಾರಾಗಬಾರ್ದಲ್ಲ."

ಬೀಗದಣ್ಣ ಅಲ್ಲೇ ನೆಲದ ಮೇಲೆ ಅವಳ ಪಕ್ಕ ಕೂತ. ಆಮೇಲೆ ಮೆಲ್ಲಗೆ, "ನೀನು ಅವತ್ತು ಹೇಳಿದ್ದು ಯಾವ ಬೇಜಾರೇ?" ಎಂದು ಕೇಳಿದ.

"ಬೆಳಿಗ್ಗೆ ಎಚ್ಚರ ಆಗುತ್ತಲ್ಲ, ಯಾಕಾದ್ರೂ ಆಯ್ತೋ ಅನ್ಸುತ್ತೆ. ಆ ಬೇಜಾರು."

ತಪ್ಪು ಮಾಡಿದವನಿಗೆ ಹೊಡೆದುಕೊಳ್ಳಲು ತನ್ನ ಕೆನ್ನೆಯಾದರೂ ಇರುತ್ತದೆ, ತಪ್ಪು ಕೇಳಿಸಿಕೊಂಡವನು ಏನು ಮಾಡಬೇಕು?

ಮರುದಿನ ಡಾಕ್ಟರ ಹತ್ತಿರ ಹೋದರು. ಮಾತ್ರೆ ಬರೆದುಕೊಟ್ಟ ಡಾಕ್ಟರು, ಇದು ಕಾಯಿಲೆ, ಸೋಮಾರಿತನವಲ್ಲ ಎಂದರು. ಆ ಮಾತನ್ನು ಬೀಗದಣ್ಣ ಮನೆಗೆ ಬಂದು ಬಾಗಿಲಲ್ಲಿ ನಿಂತು, ಅತ್ತಿಗೆಗೆ ಕೇಳಿಸುವಂತೆ ಗಟ್ಟಿಯಾಗಿ ಹೇಳಿಕೊಂಡ. ದಿನಾ ಬೆಳಕು ಕಾಣಲಿ, ಸ್ವಲ್ಪ ನಡೆಯಲಿ, ಕೈಗೊಂದು ಸಣ್ಣ ಕೆಲಸವಿರಲಿ ಎಂದೂ ಡಾಕ್ಟರು ಹೇಳಿದ್ದರು. ಸರಿ, ಬೀಗದಣ್ಣ ಹುಕುಂ ಜಾರಿ ಮಾಡತೊಡಗಿದ. ಏಳು, ನಡಿ, ಮನಸ್ಸು ಗಟ್ಟಿ ಮಾಡ್ಕೋ.

"ಗಟ್ಟಿ ಮಾಡ್ಕೊಳ್ಳೋಕೆ ಮನಸ್ಸು ಕೈಗೆ ಸಿಗಬೇಕಲ್ಲ ರೀ" ಎಂದು ಅವಳು ಬಿಕ್ಕಿಬಿಕ್ಕಿ ಅತ್ತಳು.

ಅವತ್ತಿನಿಂದ ಹುಕುಂ ನಿಂತಿತು. ಬೆಳಿಗ್ಗೆ ಪರದೆ ಸರಿಸಿ, ಪಕ್ಕದಲ್ಲಿ ಕೂತು, "ಇವತ್ತು ಯಾವ ಬೇಜಾರೇ, ಸಣ್ಣದೋ ದೊಡ್ಡದೋ?" ಎಂದು ಕೇಳುತ್ತಿದ್ದ. ಅವಳು "ಸಣ್ಣದು" ಎಂದರೆ ಇಬ್ಬರೂ ಅಂಗಡಿಯವರೆಗೆ ನಡೆಯುತ್ತಿದ್ದರು. ಅಲ್ಲಿ ಅವಳು ಹಳೆಯ ಬೀಗದಕೈಗಳ ರಾಶಿ ಸುರಿದುಕೊಂಡು ಬೇರೆ ಬೇರೆ ಡಬ್ಬಿಗೆ ಹಾಕುತ್ತಿದ್ದಳು. "ದೊಡ್ಡದು" ಎಂದರೆ ಮುಖ ತೊಳೆದದ್ದೇ ಆ ದಿನದ ದೊಡ್ಡ ಕೆಲಸ. ಕೆಲವು ವಾರ ಬರೀ ದೊಡ್ಡದೇ ಬಂತು. ಮಾತ್ರೆ ನಡೆದಿತ್ತು, ದಿನಗಳೂ ನಡೆದಿದ್ದವು, ಅವಳು ಮಾತ್ರ ನಿಂತಲ್ಲೇ ನಿಂತಂತಿತ್ತು. ಇವಳು ನನಗೆ ಮತ್ತೆ ಸಿಗುತ್ತಾಳೋ ಇಲ್ಲವೋ ಎಂಬ ಭಯವನ್ನು ಬೀಗದಣ್ಣ ಯಾರ ಹತ್ತಿರವೂ ಆಡಲಿಲ್ಲ. ಗಿರಾಕಿಗಳೊಡನೆ ಹರಟುವುದನ್ನು ಬಿಟ್ಟ. ಅವನು ಉಜ್ಜಿಕೊಟ್ಟ ಬೀಗದಕೈ ತಿರುಗುವುದಿಲ್ಲವೆಂದು ಜನ ವಾಪಸು ತರತೊಡಗಿದರು.

ಒಂದು ಸಣ್ಣ ಬೇಜಾರಿನ ದಿನ ಅವಳು ಅಂಗಡಿಯಲ್ಲಿದ್ದಳು. ಮುಂದೆ ಒಬ್ಬ ಗಿರಾಕಿ ಕಾಯುತ್ತಿದ್ದ. ಬೀಗದಣ್ಣ ಅರ ಹಿಡಿದವನು ಎಲ್ಲೋ ನೋಡುತ್ತ ಉಜ್ಜುತ್ತಲೇ ಇದ್ದ, ಹಲ್ಲುಗಳೆಲ್ಲ ಸವೆದು ಬೀಗದಕೈ ಬೋಳಾಗಿತ್ತು. ಅವಳು ಅವನ ಮಣಿಕಟ್ಟು ಹಿಡಿದು ನಿಲ್ಲಿಸಿದಳು.

"ರೀ, ನಿಮಗೆ?"

"ನಂಗೇನು?"

"ನಿಮಗೆ ಯಾವ ಬೇಜಾರು?"

ಊರಿಗೆಲ್ಲ ಮಾತು ಹಂಚುತ್ತಿದ್ದವನು ಕೈಯಲ್ಲಿದ್ದ ಅರ ಕೆಳಗಿಟ್ಟ. ಗಿರಾಕಿಯ ಎದುರಿಗೇ, ನಾಚಿಕೆಯನ್ನೂ ಮರೆತು ಅತ್ತ.

ಅವಳು ಎದ್ದು, ಎಷ್ಟೋ ಕಾಲದ ಮೇಲೆ ಹೊರಗಿನವರೊಬ್ಬರ ಮುಖ ನೋಡಿ ಮಾತಾಡಿದಳು. "ಸಾಯಂಕಾಲ ಬನ್ನಿ ಅಣ್ಣ. ಇವತ್ತು ಇವರಿಗೆ ದೊಡ್ಡದು."