ಒಂದೇ ಕೂಗಿನ ಸಾಹೇಬರು
ನಮ್ಮ ಪ್ರಯೋಗಾಲಯದಲ್ಲಿ ಅವರಿಗೆ ‘ಒಂದೇ ಕೂಗಿನ ಸಾಹೇಬರು’ ಅಂತಲೇ ಹೆಸರು. ನೀರಿನಡಿ ಓಡಾಡುವ ಯಂತ್ರ ಒಂದು ಸಲ ಕೂಗಿದರೆ ಆ ಕೂಗೇ ದೂರದ ಜೊತೆಗಾರ ಯಂತ್ರಕ್ಕೆ ಸುದ್ದಿ ಮುಟ್ಟಿಸಬೇಕು, ಅದರ ಮಾರ್ದನಿಯೇ ಎದುರಿಗೆ ಬಂಡೆ ಇದೆಯೋ ಇಲ್ಲವೋ ಹೇಳಬೇಕು. ಹನ್ನೊಂದು ವರ್ಷದಿಂದ ಅವರು ಜೀವ ತೇಯುತ್ತಿರುವುದು ಇದಕ್ಕೇ. ಕೂಗಿಗೆ ಸುದ್ದಿ ಜಾಸ್ತಿ ತುಂಬಿದರೆ ಮಾರ್ದನಿ ಕಲಸಿಹೋಗುತ್ತದೆ, ಮಾರ್ದನಿ ತಿಳಿಯಾದರೆ ಸುದ್ದಿ ಅರ್ಧಕ್ಕೇ ನಿಲ್ಲುತ್ತದೆ. “ಹಾಳಾಗಿ ಹೋಗ್ಲಿ, ಇನ್ನೊಂದ್ಸಲ ಕೂಗ್ಸಿ” ಎಂದು ನೀರಿನ ತೊಟ್ಟಿಗೆ ಕಿವಿ ಹಚ್ಚಿ ಕೂರುತ್ತಾರೆ. ಬಲಗಿವಿ ಯಾವಾಗಲೂ ಒದ್ದೆ. ಈ ಚಾಳಿ ತೊಟ್ಟಿಯಾಚೆಗೂ ಹಬ್ಬಿದೆ. ಕ್ಯಾಂಟೀನಿನ ಬಾಗಿಲಲ್ಲಿ “ಟೀ ಇದೆಯೇನಮ್ಮಾ?” ಎಂದು ಕೇಳಿ, ಬಂದ ಉತ್ತರದ ದನಿಯಲ್ಲೇ ಟೀ ಎಷ್ಟು ಹೊತ್ತಿನದು, ಆಕೆ ಬೆಳಿಗ್ಗೆ ಗಂಡನ ಜೊತೆ ಜಗಳವಾಡಿದಳೋ ಇಲ್ಲವೋ, ಎರಡನ್ನೂ ಹೇಳಿಬಿಡುತ್ತಾರೆ. ಸಂಜೆ ಐದೂವರೆಗೆ ಮಾತ್ರ ಕಾರಿಡಾರಿಗೆ ಹೋಗಿ ಮಗಳಿಗೆ ಫೋನ್ ಮಾಡುತ್ತಾರೆ. ತಾಯಿ ಸಾಯುವಾಗಲೂ ತೊಟ್ಟಿ ಬಿಟ್ಟು ಬಾರದ ಅಪ್ಪನ ಜೊತೆ ಆಕೆ ಮಾತು ಬಿಟ್ಟು ನಾಲ್ಕು ವರ್ಷವಾಯಿತು. ದಿನಾ ಎರಡನೇ ರಿಂಗಿಗೆ ಕಟ್ ಮಾಡುತ್ತಿದ್ದಳು. “ಸುದ್ದಿ ಮುಟ್ಲಿಲ್ಲ, ಇದಾಳೆ ಅಂತ ಗೊತ್ತಾಯ್ತಲ್ಲ, ಅಷ್ಟು ಸಾಕು” ಎನ್ನುತ್ತಾ ಇವರು ಒಳಗೆ ಬರುತ್ತಿದ್ದರು. ಕಳೆದ ಸೋಮವಾರದಿಂದ ಸಾಹೇಬರು ಕಾರಿಡಾರಿನಲ್ಲೇ ನಿಂತು, ಫೋನನ್ನು ಎಡಗಿವಿಯಿಂದ ಆ ಒದ್ದೆ ಬಲಗಿವಿಗೆ ಬದಲಾಯಿಸುತ್ತಾ ಕಾಯುತ್ತಾರೆ. ರಿಂಗು ಕೊನೆಯವರೆಗೂ ಹೋಗುತ್ತದೆ, ಯಾರೂ ಕಟ್ ಮಾಡುವುದಿಲ್ಲ.